ಏಳು ಬಾಯಿ, ಅರ್ಧ ಆಂಪಿಯರ್

ದೇವರು ಮನುಷ್ಯನ ಮೈಗೆ ಒಂಬತ್ತು ಬಾಗಿಲು ಇಟ್ಟ, ಜಿಪುಣತನ ಮಾಡಲಿಲ್ಲ. ಈಗಿನ ಲ್ಯಾಪ್‌ಟಾಪ್ ಮಾಡುವವರು ಎರಡು ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಅದರಲ್ಲೂ ಒಂದು ಚಾರ್ಜರಿನ ಪಾಲು. 2015ರಲ್ಲಿ ಆ್ಯಪಲ್‌ನವರು ತಂದ ತೆಳ್ಳನೆ ಮ್ಯಾಕ್‌ಬುಕ್‌ಗಂತೂ ಇಯರ್‌ಫೋನಿನ ತೂತು ಬಿಟ್ಟರೆ ಇದ್ದದ್ದು ಒಂದೇ ಬಾಯಿ. ಅದಕ್ಕೆ ಉಣಿಸುವಾಗ ಪೆನ್‌ಡ್ರೈವ್ ಹಾಕುವಂತಿಲ್ಲ, ಪೆನ್‌ಡ್ರೈವ್ ಹಾಕಿದಾಗ ಉಪವಾಸ. ಇದನ್ನು ಅವರು ಸೊಬಗು ಅಂದರು. ನಮ್ಮ ಕಡೆ ಬಡತನ ಅನ್ನುತ್ತಾರೆ. ಆಮೇಲೆ ಕಿತ್ತುಕೊಂಡ ತೂತುಗಳನ್ನೆಲ್ಲ ಬೇರೆ ಡಬ್ಬಿಯಲ್ಲಿ ತುಂಬಿ, ಬೇರೆ ಬಿಲ್ಲು ಹರಿದು ಮಾರಿದರು. ನಾವು ಕೊಂಡೆವು. ಕೊಂಡು, ಬ್ಯಾಗಿನಲ್ಲಿಟ್ಟುಕೊಂಡು, ಲ್ಯಾಪ್‌ಟಾಪ್ ಎಷ್ಟು ಹಗುರ ನೋಡಿ ಎಂದು ಊರಿಗೆಲ್ಲ ತೋರಿಸಿದೆವು.

ಆದರೆ ನನ್ನ ಪುರಾಣ ಆ ದುಬಾರಿ ಡಬ್ಬಿಯದಲ್ಲ. ಗೋವಾದ ಡಿಚೋಲಿಯ ಪೇಟೆಯಲ್ಲಿ ಮೊಬೈಲ್ ಕವರು, ಟೆಂಪರ್ಡ್ ಗ್ಲಾಸುಗಳ ನಡುವೆ ನೇತಾಡುವ, ಬಿಳಿ ವೈರಿನ ತುದಿಗೆ ನಾಲ್ಕೋ ಏಳೋ ಬಾಯಿ ತೆರೆದುಕೊಂಡು ಕೂತಿರುವ ಬಡ ಯುಎಸ್‌ಬಿ ಹಬ್‌ನದು.

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಸಾಂಕಳಿ ದಾಟಿದರೆ ನಮ್ಮ ಡಿಚೋಲಿ. ಇಳಿಸುವ ಬಸ್ಸಿನ ಮೈಮೇಲೆ ಕದಂಬ ಎಂದು ಬರೆದಿದ್ದರೆ ಅಚ್ಚರಿಪಡಬೇಡಿ. 1980ರಲ್ಲಿ ಹುಟ್ಟಿದ ಗೋವಾ ಸರ್ಕಾರದ ಸಾರಿಗೆ ನಿಗಮದ ಹೆಸರೇ ಅದು. ಆ ಹೆಸರಿನ ಹಿಂದಿರುವ ಕನ್ನಡದ ಕದಂಬ ಅರಸರ ಮನೆದೇವರು ಸಪ್ತಕೋಟೀಶ್ವರ ಈಗ ಕೂತಿರುವುದೂ ಇದೇ ತಾಲೂಕಿನ ನಾರ್ವೆಯಲ್ಲಿ. ಹಾಗಾಗಿ ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ದುಡಿಯಲು ಬಂದ ನಮ್ಮವರನ್ನು ಯಾರಾದರೂ ಹೊರಗಿನವರು ಎಂದರೆ, “ದೇವರೂ ನಮ್ಮವ, ಬಸ್ಸೂ ನಮ್ಮದು, ಟಿಕೀಟಿನ ರೊಕ್ಕ ಅಷ್ಟೇ ನಿಮಗ” ಎಂದು ನಕ್ಕುಬಿಡುತ್ತಾರೆ. ಇಂಥವರೆಲ್ಲ ತಿಂಗಳಿಗೊಮ್ಮೆಯಾದರೂ ಹಾಯಲೇಬೇಕಾದ ಜಾಗವೊಂದಿದೆ: ಆನ್‌ಲೈನ್ ಅಂಗಡಿ.

ಆನ್‌ಲೈನ್ ಅಂಗಡಿ ಎಂದರೆ ಗೊತ್ತಲ್ಲ? ಝೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋ, ರೈಲು ಟಿಕೀಟು, ಕರೆಂಟ್ ಬಿಲ್ಲು, ಊರಿನ ಹೊಲದ ಉತಾರ, ಆಧಾರ್ ಮೇಲೆ ರೊಕ್ಕ ತೆಗೆಯುವುದು ಎಲ್ಲ ಒಂದೇ ಮೇಜಿನ ಮೇಲೆ ನಡೆಯುವ ಕಚೇರಿ. ಸರ್ಕಾರದ ಹತ್ತು ಖಾತೆಗಳು ಸೇರಿ ಮಾಡಲಾಗದ್ದನ್ನು ಇಲ್ಲಿ ಒಬ್ಬ ಹುಡುಗ, ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಮಾಡುತ್ತವೆ. ಆ ಡೆಸ್ಕ್‌ಟಾಪಿನ ಮುಂದೆ ಎರಡು ಬಾಯಿ; ಒಂದು ಅಲ್ಲಾಡುತ್ತದೆ. ಹಿಂದೆ ನಾಲ್ಕು ಇವೆ ಎಂದು ಹೇಳುತ್ತಾರೆ. ಗೋಡೆಗೆ ಒರಗಿಸಿರುವುದರಿಂದ ಅವನ್ನು ಕಂಡವರು ಕಡಿಮೆ. ಅದಿರಿನ ಲಾರಿಗಳು ಓಡಿದ ಊರು ನಮ್ಮದು, ಆ ನಾಲ್ಕು ಬಾಯಿಗಳೂ ಕೆಂಪು ಧೂಳಿನ ತಾಂಬೂಲ ಹಾಕಿಕೊಂಡು ಕೂತಿರಬೇಕು.

ಚುಚ್ಚಬೇಕಾದದ್ದು ಎಷ್ಟು? ಕೀಬೋರ್ಡು, ಮೌಸು, ಪ್ರಿಂಟರು, ಸ್ಕ್ಯಾನರು, ವೆಬ್‌ಕ್ಯಾಮು, ಥಂಬ್ ಮಷಿನ್ನು, ಗಿರಾಕಿಯ ಪೆನ್‌ಡ್ರೈವು, ಲೆಕ್ಕಪತ್ರದವರ ಡಿಜಿಟಲ್ ಸಹಿಯ ಟೋಕನ್ನು. ಇವು ಉದ್ಯೋಗಕ್ಕೆ. ಇನ್ನು ವೈಭೋಗಕ್ಕೆ: ಹುಡುಗನ ಮೊಬೈಲು, ಹುಡುಗನ ಗೆಳೆಯನ ಮೊಬೈಲು, ಸೆಖೆಗೆಂದು ತಂದ ಅಂಗೈಯಗಲದ ಫ್ಯಾನು, ಬ್ಲೂಟೂತ್ ಸ್ಪೀಕರು, ಚವತಿ ಹಬ್ಬಕ್ಕೆ ತಂದು ಇನ್ನೂ ಕೀಳದ ಬಣ್ಣದ ದೀಪದ ಸರ. ಎಲ್ಲಕ್ಕೂ ಅನ್ನದಾತ ಒಬ್ಬನೇ, ಮೇಜಿನ ಕೆಳಗೆ ಸೆಲ್ಲೋಟೇಪಿನಲ್ಲಿ ಅಂಟಿಸಿದ ಏಳು ಬಾಯಿಯ ಹಬ್.

ಇಂಥ ಅಂಗಡಿಗೆ ಒಬ್ಬ ಕಾಕಾ ಬರುತ್ತಾರೆ ಅಂದುಕೊಳ್ಳಿ. ಬರುತ್ತಲೇ ಇರುತ್ತಾರೆ, ಅಂದುಕೊಳ್ಳುವುದೇನು ಬಂತು.

“ತಮ್ಮಾ, ಎರಡು ಸಾವಿರ ತಗದು ಕೊಡಪಾ. ಊರಾಗಿನ ಬ್ಯಾಂಕಿಂದು.”

“ಹೆಬ್ಬಟ್ಟು ಇಡ್ರಿ ಕಾಕಾ.”

ಕಾಕಾ ಇಡುತ್ತಾರೆ. ಯಂತ್ರದ ಕೆಂಪು ದೀಪ ಮಿಣುಕಿ ಆರುತ್ತದೆ.

“ಬರವಲ್ದು. ಒರಸ್ಕೊಂಡು ಇಡ್ರಿ.”

ಕಾಕಾ ಧೋತರಕ್ಕೆ ಒರೆಸಿ ಇಡುತ್ತಾರೆ. ಇಲ್ಲ. ತಲೆಗೂದಲಿಗೆ ತಿಕ್ಕಿ, ಎಣ್ಣೆ ಹತ್ತಿಸಿ ಇಡುತ್ತಾರೆ. ಇಲ್ಲ. ಹಿಂದೆ ನಿಂತ ಅಕ್ಕನೊಬ್ಬಳು ತೋರುಬೆರಳು ಇಡಿಸು ಅನ್ನುತ್ತಾಳೆ. ಅದೂ ಇಲ್ಲ. ಆಗ ಕಾಕಾ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡು, “ಗೆರಿ ಸವದ ಹೋಗ್ಯಾವ ಕಾಣ್ತದ. ಸಿಮೆಂಟಿನಾಗ ಕೈ ಇಟ್ಟು ಇಟ್ಟು…” ಎನ್ನುತ್ತಾರೆ. ಹುಡುಗ ಡಾಕ್ಟರನ ಹಾಗೆ ತಲೆಯಾಡಿಸುತ್ತಾನೆ. ಅಕ್ಕ ಲೊಚಗುಟ್ಟುತ್ತಾಳೆ. ಅಷ್ಟರಲ್ಲಿ ಹುಡುಗನ ಮೊಬೈಲಿಗೆ ಕರೆ ಬರುತ್ತದೆ. ಅವನು ಅದನ್ನು ಹಬ್‌ನಿಂದ ಕಿತ್ತುಕೊಂಡು ಹೊರಗೆ ಹೋಗುತ್ತಾನೆ. ಒಳಗೆ ಕಂಪ್ಯೂಟರು ಟಡಂಗ್ ಅನ್ನುತ್ತದೆ. ಥಂಬ್ ಮಷಿನ್ನಿನ ದೀಪ ಗಟ್ಟಿಯಾಗಿ ಉರಿಯುತ್ತದೆ. ಕಾಕಾನ ಅದೇ ಸವೆದ ಹೆಬ್ಬಟ್ಟು, ಅದೇ ಎಣ್ಣೆ, ಅದೇ ಸಿಮೆಂಟು. ಈ ಸಲ ಒಂದೇ ಏಟಿಗೆ ಬಂತು.

ಸಿಮೆಂಟಿನಲ್ಲಿ ಬೆರಳ ಗೆರೆ ಸವೆಯುವುದು ಸುಳ್ಳಲ್ಲ, ಅದರ ಪಾಡು ಬೇರೆಯೇ ಇದೆ. ಆದರೆ ಇಲ್ಲಿ ಸವೆದದ್ದು ಬೆರಳಲ್ಲ, ಕರೆಂಟು.

ಲೆಕ್ಕ ಸಣ್ಣದು, ಕೇಳಿ. ಕಂಪ್ಯೂಟರಿನ ಸಾದಾ ಯುಎಸ್‌ಬಿ ಬಾಯಿ, ಎರಡನೆಯ ಆವೃತ್ತಿಯದು, 5 ವೋಲ್ಟಿನಲ್ಲಿ 500 ಮಿಲಿ ಆಂಪಿಯರ್ ಕೊಡುತ್ತದೆ. ಅಂದರೆ ಅರ್ಧ ಆಂಪಿಯರ್. ನೀವು ಅದಕ್ಕೆ ಒಂದು ಹಬ್ ಸಿಕ್ಕಿಸಿದರೆ ಬಾಯಿ ಏಳಾಗುತ್ತದೆಯೇ ಹೊರತು ಅರ್ಧ ಆಂಪಿಯರ್ ಮೂರೂವರೆ ಆಗುವುದಿಲ್ಲ. ಯುಎಸ್‌ಬಿಯ ಕಾನೂನು ಬರೆದವರು ಇದನ್ನು ಮೊದಲೇ ಯೋಚಿಸಿದ್ದರು. ಸ್ವಂತ ಅಡಾಪ್ಟರ್ ಇಲ್ಲದ ಹಬ್, ಕಂಪ್ಯೂಟರಿನಿಂದ ಬಂದ 500ರಲ್ಲಿ 100ನ್ನು ತನ್ನ ಹೊಟ್ಟೆಗೆ ಇಟ್ಟುಕೊಳ್ಳಬಹುದು. ಉಳಿದ 400ನ್ನು ತಲಾ 100ರಂತೆ ನಾಲ್ಕು ಬಾಯಿಗೆ ಹಂಚಬೇಕು. ನಾಲ್ಕಕ್ಕಿಂತ ಹೆಚ್ಚು ಬಾಯಿ ಇಡುವಂತಿಲ್ಲ. ಮೌಸು, ಕೀಬೋರ್ಡು 100ರೊಳಗೆ ಸುಖವಾಗಿ ಸಂಸಾರ ಮಾಡುತ್ತವೆ. ಹಾರ್ಡ್‌ಡಿಸ್ಕು, ಮೊಬೈಲು ಮಾಡುವುದಿಲ್ಲ. ಹಾರ್ಡ್‌ಡಿಸ್ಕು ತಿರುಗಲು ಶುರುಮಾಡುವ ಗಳಿಗೆಯಲ್ಲಿ ಅರ್ಧ ಆಂಪಿಯರನ್ನೂ ಮೀರಿ ಕೇಳುವುದುಂಟು. ಸಿಗದಿದ್ದರೆ ಟಿಕ್ ಟಿಕ್ ಎಂದು ಹಲ್ಲು ಕಡಿಯುತ್ತದೆ. ನಾವು ಅದನ್ನು ಹಾರ್ಡ್‌ಡಿಸ್ಕ್ ಕೆಟ್ಟಿತು ಎಂದು ತಿಳಿದು ರಿಪೇರಿಗೆ ಒಯ್ಯುತ್ತೇವೆ. ರಿಪೇರಿಯವನ ಮೇಜಿನ ಮೇಲೆ ಅದು ಸರಿಯಾಗೇ ನಡೆಯುತ್ತದೆ. ಅವನು ಏನೂ ಮಾಡದೆ ಮುನ್ನೂರು ತೆಗೆದುಕೊಳ್ಳುತ್ತಾನೆ. ಮನೆಗೆ ತಂದರೆ ಮತ್ತೆ ಟಿಕ್ ಟಿಕ್.

ಹಾಗಾದರೆ ಪೇಟೆಯಲ್ಲಿ ನೇತಾಡುವ, ಅಡಾಪ್ಟರ್ ಇಲ್ಲದ ಏಳು ಬಾಯಿಯ ಹಬ್ ಎಲ್ಲಿಂದ ಬಂತು? ಕಾನೂನಿನ ಪ್ರಕಾರ ಅದು ಹುಟ್ಟಲೇಬಾರದಿತ್ತು. ಅದನ್ನು ಬಿಚ್ಚಿ ನೋಡಿದರೆ ಗುಟ್ಟು ತಿಳಿಯುತ್ತದೆ. ಹೆಚ್ಚಿನವುಗಳ ಒಳಗೆ ನಾಲ್ಕು ಬಾಯಿಯ ಎರಡು ಚಿಪ್‌ಗಳು. ಮೊದಲನೆಯದರ ಒಂದು ಬಾಯಿಗೆ ಎರಡನೆಯದನ್ನು ಗಂಟು ಹಾಕಿರುತ್ತಾರೆ. ನಾಲ್ಕರಲ್ಲಿ ಒಂದು ಹೋಯಿತು, ಮೂರು; ಮೂರು ಮತ್ತು ನಾಲ್ಕು ಏಳು. ಆರು ಬಾಯಿಯ, ಎಂಟು ಬಾಯಿಯ ಹಬ್‌ಗಳಿಗಿಂತ ಏಳರದ್ದೇ ಹೆಚ್ಚು ಕಾಣುವುದು ಇದಕ್ಕೆ. ಅಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಅಗ್ಗದ ಹಬ್‌ಗಳಲ್ಲಿ ಕೆಲವು ಕಂಪ್ಯೂಟರಿನ ಎದುರು ನಿಂತು “ನನಗೆ ಸ್ವಂತ ಕರೆಂಟಿದೆ” ಎಂದು ಸುಳ್ಳು ಹೇಳುತ್ತವೆ. ಹೌದು, ಸ್ವಂತ ಕರೆಂಟು ಇದೆಯೋ ಇಲ್ಲವೋ ಎಂದು ಹೇಳಿಕೊಳ್ಳಲು ಹಬ್‌ಗೆ ಒಂದು ಅವಕಾಶ ಇದೆ, ಕಂಪ್ಯೂಟರು ನಂಬುತ್ತದೆ. ನಂಬಿ, ದೊಡ್ಡ ಹೊಟ್ಟೆಯವರನ್ನೆಲ್ಲ ಒಳಗೆ ಬಿಡುತ್ತದೆ. ಪಂಕ್ತಿಗೆ ಕೂತ ಮೇಲೆ ಎಲೆಯಲ್ಲಿ ಏನೂ ಇರುವುದಿಲ್ಲ.

ಕರೆಂಟಿನ ಕಥೆ ಇದಾದರೆ ವೇಗದ್ದು ಇನ್ನೊಂದು. ಡಿಚೋಲಿಯವರಿಗೆ ಇದನ್ನು ವಿವರಿಸುವುದು ಸುಲಭ. 2012ರಲ್ಲಿ ಗಣಿಗಳು ನಿಲ್ಲುವ ಮುಂಚೆ ಇಲ್ಲಿ ಇದ್ದವರಿಗೆ ಲಾರಿಗಳ ಸಾಲು ನೆನಪಿದೆ. ಶಿರಗಾಂವದಲ್ಲಿ ಗಣಿ, ಮುಳಗಾಂವದಲ್ಲಿ ಗಣಿ, ಮಯೆಯಲ್ಲಿ ಗಣಿ. ಬಾಯಿ ಎಷ್ಟು ಬೇಕಾದರೂ ತೆರೆಯಬಹುದು. ಅಗೆದ ಅದಿರು ಸಾರ್ಮಾನಸಿನ ಧಕ್ಕೆ ಮುಟ್ಟಿ, ಬಾರ್ಜ್ ಹತ್ತಿ, ಮಾಂಡವಿಯಲ್ಲಿ ತೇಲಿ ಮುರಗಾಂವ ಸೇರಬೇಕಲ್ಲ? ಧಕ್ಕೆಯ ಹಾದಿ ಮಾತ್ರ ಅಷ್ಟೇ ಅಗಲ. ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಲ್ಲುತ್ತಿದ್ದವು. ನಡುವೆ ಶಾಲೆಯ ಮಕ್ಕಳ ಬಸ್ಸೂ ಸಿಕ್ಕಿಕೊಳ್ಳುತ್ತಿತ್ತು. ಹಬ್‌ನ ಹಣೆಬರಹವೂ ಇದೇ. ಎರಡನೆಯ ಆವೃತ್ತಿಯ ಯುಎಸ್‌ಬಿ ಸೆಕೆಂಡಿಗೆ 480 ಮೆಗಾಬಿಟ್ ಒಯ್ಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದು ಸತ್ಯ. ಅದು ಒಂದು ಬಾಯಿಯ ಲೆಕ್ಕವಲ್ಲ, ಇಡೀ ಹಾದಿಯದ್ದು. ಎರಡು ಪೆನ್‌ಡ್ರೈವ್‌ಗಳಿಗೆ ಒಟ್ಟಿಗೇ ಮದುವೆಯ ವಿಡಿಯೋ ತುಂಬಲು ಹೊರಟರೆ ಎರಡೂ ಆಮೆ. ನಡುವೆ ವೆಬ್‌ಕ್ಯಾಮಿನಲ್ಲಿ ಸಂದರ್ಶನ ಕೊಡುತ್ತಿರುವ ಹುಡುಗಿಯೇ ಶಾಲೆಯ ಬಸ್ಸು: ಬಾಯಿ ಈಗ ತೆರೆದರೆ ಮಾತು ಆಮೇಲೆ.

ಈ ಹಾದಿಯಲ್ಲಿ ಇನ್ನೊಂದು ತಮಾಷೆಯ ಶಿಸ್ತಿದೆ. ಹಬ್‌ಗೆ ಸಿಕ್ಕಿಸಿದ ಯಾವ ಸಾಮಾನೂ ತಾನಾಗಿ ಮಾತಾಡುವಂತಿಲ್ಲ. ಕಂಪ್ಯೂಟರು ಒಬ್ಬೊಬ್ಬರನ್ನೇ ಕೇಳಬೇಕು, ಕೇಳಿದಾಗಷ್ಟೇ ಉತ್ತರ. ಸಾದಾ ಮೌಸನ್ನು ಅದು ಸೆಕೆಂಡಿಗೆ 125 ಬಾರಿ “ಅಲ್ಲಾಡಿದೆಯಾ, ಅಲ್ಲಾಡಿದೆಯಾ” ಎಂದು ಕೇಳುತ್ತದೆ. ಮೌಸು ತಾಳ್ಮೆಯಿಂದ “ಇಲ್ಲ” ಎನ್ನುತ್ತದೆ. ನೀವು ಊಟಕ್ಕೆ ಹೋಗಿದ್ದರೂ ಕಂಪ್ಯೂಟರು ನಿದ್ದೆಗೆ ಜಾರುವವರೆಗೆ ಈ ಸಂಭಾಷಣೆ ನಡೆದೇ ಇರುತ್ತದೆ. ನಮ್ಮ ಕನ್ನಡ ಸಂಘದ ಸಭೆಗಳಲ್ಲಿ ಈ ಪದ್ಧತಿ ಜಾರಿಗೆ ಬಂದರೆ ರಾಜ್ಯೋತ್ಸವದ ಜಮಾಖರ್ಚು ಹತ್ತು ನಿಮಿಷದಲ್ಲಿ ಮುಗಿದೀತು.

ಇದನ್ನೆಲ್ಲ ಯೋಚಿಸಿದ ತಲೆಗಳಲ್ಲಿ ದೊಡ್ಡದು ಒಬ್ಬ ಭಟ್ಟರದ್ದು. ಭಟ್ಟರು ಎಂದ ಕೂಡಲೇ ಶಿರಸಿಯವರೋ ಉಡುಪಿಯವರೋ ಎಂದು ಎದೆ ಉಬ್ಬಿಸಬೇಡಿ. ಅಜಯ್ ಭಟ್ಟರು ಗುಜರಾತದ ಬಡೋದೆಯವರು, ಅಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋಗಿ 1990ರಲ್ಲಿ ಇಂಟೆಲ್ ಸೇರಿದವರು. ಆ ಕಾಲದ ಕಂಪ್ಯೂಟರಿನ ಬೆನ್ನು ನೋಡಿದವರಿಗೆ ಗೊತ್ತು: ಕೀಬೋರ್ಡಿಗೆ ಒಂದು ತೂತು, ಮೌಸಿಗೆ ಇನ್ನೊಂದು ತೂತು, ಪ್ರಿಂಟರಿಗೆ 25 ಸೂಜಿಯ ಅಗಲ ತೂತು, ಅದರ ಎರಡು ಕಡೆ ಸ್ಕ್ರೂ. ಒಂದು ಸಾಮಾನು ಬದಲಿಸಿದರೆ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಬೇಕು. ಇಂಟೆಲ್, ಐಬಿಎಂ, ಮೈಕ್ರೋಸಾಫ್ಟ್, ಕಾಂಪ್ಯಾಕ್, ಡೆಕ್, ಎನ್‌ಇಸಿ, ನಾರ್ಟೆಲ್ ಎಂಬ ಏಳು ಕಂಪನಿಗಳು ಕೂಡಿ, 1996ರ ಜನವರಿಯಲ್ಲಿ ಎಲ್ಲಕ್ಕೂ ಒಂದೇ ತೂತು ಎಂಬ ಮೊದಲ ಕಾನೂನು ಹೊರಡಿಸಿದವು. ಯಾರು ಬೇಕಾದರೂ ರಾಯಧನ ಕೊಡದೆ ಮಾಡಿಕೊಳ್ಳಬಹುದು ಎಂದು ಇಂಟೆಲ್ ಬಿಟ್ಟುಕೊಟ್ಟಿತು. ಅದಕ್ಕೇ ಅದು ಡಿಚೋಲಿಯ ಪೇಟೆಯ ಮೊಳೆಯವರೆಗೆ ಬಂದದ್ದು. ತಿರುಗಿಸಿ ಮುರುಗಿಸಿ ಚುಚ್ಚಬೇಕಾದ ಅದರ ಚಪ್ಪಟೆ ಮೂತಿಯ ಬಗ್ಗೆ ಜಗತ್ತೆಲ್ಲ ಬೈದಾಗ ಭಟ್ಟರು ಕೊಟ್ಟ ಉತ್ತರ ಬನಿಯಾ ಲೆಕ್ಕದ್ದು: ಎರಡೂ ಕಡೆ ಹೊಂದುವ ಹಾಗೆ ಮಾಡಿದರೆ ತಂತಿಯೂ ಹೆಚ್ಚು, ಖರ್ಚೂ ಹೆಚ್ಚು.

ಹುಟ್ಟಿದ ಮಗು ಮೊದಲು ಮಾಡಿದ್ದು ಮರ್ಯಾದೆ ಕಳೆಯುವ ಕೆಲಸವನ್ನೇ. 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ಶಿಕಾಗೋದಲ್ಲಿ ತುಂಬಿದ ಸಭೆಗೆ ವಿಂಡೋಸ್ 98 ತೋರಿಸುತ್ತಿದ್ದರು. ಸಹಾಯಕ ಒಂದು ಸ್ಕ್ಯಾನರನ್ನು ಯುಎಸ್‌ಬಿಗೆ ಸಿಕ್ಕಿಸಿದ್ದೇ ತಡ, ಪರದೆಯೆಲ್ಲ ನೀಲಿ. ಸಭೆ ಬಿದ್ದು ಬಿದ್ದು ನಕ್ಕಿತು. ನಮ್ಮ ಆನ್‌ಲೈನ್ ಅಂಗಡಿಯ ಹುಡುಗನಿಗೆ ಇದನ್ನು ಹೇಳಿದರೆ, “ಅವರ ಹಬ್ಬೂ ಇಂಥಾದ್ದೇ ಇತ್ತೇನ್ರಿ?” ಅನ್ನುತ್ತಾನೆ.

ಇನ್ನು ದುರಾಸೆಯ ಮಾತು. ಒಂದು ಯುಎಸ್‌ಬಿ ಹಾದಿಗೆ ಎಷ್ಟು ಸಾಮಾನು ತೂಗುಹಾಕಬಹುದು? ಕಾನೂನಿನಲ್ಲಿ 127. ವಿಳಾಸ ಬರೆಯಲು ಏಳು ಬಿಟ್ ಇಟ್ಟಿದ್ದಾರೆ, 128 ವಿಳಾಸವಾಗುತ್ತದೆ, ಸೊನ್ನೆಯನ್ನು ಆಗಷ್ಟೇ ಬಂದ ಹೆಸರಿಲ್ಲದ ಸಾಮಾನಿಗೆ ಮೀಸಲಿಟ್ಟಿದ್ದಾರೆ. ಪ್ರತಿ ಹಬ್ ಕೂಡ ಆ 127ರಲ್ಲಿ ಒಂದನ್ನು ನುಂಗುತ್ತದೆ. ಹಬ್‌ಗೆ ಹಬ್, ಅದಕ್ಕೆ ಮತ್ತೊಂದು ಎಂದು ಸರ ಪೋಣಿಸುತ್ತ ಹೋಗುವವರಿಗೂ ಗಡಿ ಇದೆ: ಒಂದರ ಹಿಂದೊಂದು ಐದು. ಆರನೆಯದಕ್ಕೆ ಕಂಪ್ಯೂಟರು ಕಿವುಡಾಗುತ್ತದೆ. ನಮ್ಮ ಜನ ಐದನ್ನು ಮುಟ್ಟಿಲ್ಲ, ಮೂರರವರೆಗೆ ಹೋಗುವವರಿದ್ದಾರೆ. ಮೂರನೆಯದರ ತುದಿಗೆ ಕಟ್ಟಿದ ಫ್ಯಾನಿನ ರೆಕ್ಕೆ ಎಷ್ಟು ನಿಧಾನ ತಿರುಗುತ್ತದೆಂದರೆ ಸೊಳ್ಳೆ ಅದರ ಮೇಲೆ ಕೂತು ಗಾಳಿ ತೆಗೆದುಕೊಳ್ಳಬಹುದು.

ಬುದ್ಧಿವಂತರು ನೀಲಿ ನಾಲಿಗೆಯ ಹಬ್ ಕೇಳುತ್ತಾರೆ. ಮೂರನೆಯ ಆವೃತ್ತಿ, 2008ರ ಕೊನೆಗೆ ಬಂದದ್ದು. ಸೆಕೆಂಡಿಗೆ 5 ಗಿಗಾಬಿಟ್, ಕರೆಂಟು 900 ಮಿಲಿ ಆಂಪಿಯರ್. ಕೇಳುವುದು ಸರಿ. ಆದರೆ ನೀಲಿ ಎಂಬುದು ಪ್ಲಾಸ್ಟಿಕ್ಕಿನ ಬಣ್ಣ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಒಳಗೆ ಬಗ್ಗಿ ನೋಡಿ: ನಾಲ್ಕು ಹಿತ್ತಾಳೆ ಪಟ್ಟಿಗಳ ಜೊತೆಗೆ ಇನ್ನೂ ಐದು ಇದ್ದರೆ ಅದು ಮೂರನೆಯದು, ಇಲ್ಲದಿದ್ದರೆ ನೀಲಿ ಬಳಿದುಕೊಂಡ ನರಿ. ನಿಜವಾದ ಮೂರನೆಯದನ್ನೇ ತಂದರೂ ಹಳೆಯ ಪ್ರಿಂಟರು, ಥಂಬ್ ಮಷಿನ್ನಿಗೆ ವೇಗ ಬರುವುದಿಲ್ಲ. ಆ ಡಬ್ಬಿಯೊಳಗೆ ಹೊಸ ಹಬ್ ಒಂದು, ಹಳೆಯ ಹಬ್ ಒಂದು, ಎರಡು ಬೇರೆ ಬೇರೆ ಸಂಸಾರ. ಹಳಬರು ಹಳೆ ಹಾದಿಯಲ್ಲೇ ನಡೆಯುತ್ತಾರೆ. ಇನ್ನೊಂದು ಕೀಟಲೆ ಇದೆ. ಮೂರನೆಯ ಆವೃತ್ತಿಯ ಹಾರ್ಡ್‌ಡಿಸ್ಕು ಓಡುವಾಗ ಎಬ್ಬಿಸುವ ರೇಡಿಯೋ ಗದ್ದಲ, ವೈರಿಲ್ಲದ ಮೌಸು ಬಳಸುವ 2.4 ಗಿಗಾಹರ್ಟ್ಸಿನ ಅಲೆಗೇ ಅಡ್ಡ ಬರುತ್ತದೆ. 2012ರಲ್ಲಿ ಇಂಟೆಲ್‌ನವರೇ ಇದನ್ನು ಬರೆದು ಪ್ರಕಟಿಸಿದ್ದಾರೆ. ಹಬ್‌ನಲ್ಲಿ ಹಾರ್ಡ್‌ಡಿಸ್ಕಿನ ಪಕ್ಕದ ಮನೆಗೇ ಮೌಸಿನ ಪುಟ್ಟ ಡಾಂಗಲ್ ಸಿಕ್ಕಿಸಿದರೆ ಬಾಣದ ಗುರುತು ಕುಡಿದವನ ಹಾಗೆ ತೂರಾಡುತ್ತದೆ. ಗೋವಾದಲ್ಲಿ ಇದ್ದೇವೆಂದು ಅದನ್ನು ಸಹಜ ಎಂದುಕೊಳ್ಳಬೇಡಿ. ಡಾಂಗಲನ್ನು ಕಂಪ್ಯೂಟರಿನ ಮುಂದಿನ ಬಾಯಿಗೆ ಹಾಕಿ, ಅಮಲು ಇಳಿಯುತ್ತದೆ.

ಇಷ್ಟೆಲ್ಲ ಬೈದರೂ ಹಬ್ ಅನಿಷ್ಟ ಎಂದು ನಾನು ಹೇಳುತ್ತಿಲ್ಲ. ಆಧಾರ್ ನೋಂದಣಿಯ ಮೇಜನ್ನೇ ನೋಡಿ: ನಾಲ್ಕು ಬೆರಳು ಒಟ್ಟಿಗೆ ಒತ್ತುವ ಯಂತ್ರ, ಕಣ್ಣಿನ ಪಾಪೆ ಹಿಡಿಯುವ ದುರ್ಬೀನು, ಮುಖಕ್ಕೆ ಕ್ಯಾಮೆರಾ, ಜಿಪಿಎಸ್, ಪ್ರಿಂಟರ್, ಎಲ್ಲ ಒಂದು ಲ್ಯಾಪ್‌ಟಾಪಿಗೆ. ಆಧಾರ್ ಪ್ರಾಧಿಕಾರದವರು ಕೇಂದ್ರಕ್ಕೆ ಬೇಕಾದ ಸಾಮಾನಿನ ಪಟ್ಟಿಯಲ್ಲಿ ಯುಎಸ್‌ಬಿ ಹಬ್ ಎಂದೇ ಬರೆದಿದ್ದಾರೆ. ಹತ್ತು ಬೆರಳು, ಎರಡು ಕಣ್ಣು, ಒಂದು ಮುಖ, ಇಡೀ ದೇಶ ಹಬ್‌ನ ಮೂಲಕವೇ ಹಾದು ಹೋಗಿದೆ ಅಂದರೂ ನಡೆದೀತು. ಗೋಡೆಯಿಂದ ಸ್ವಂತ ಅಡಾಪ್ಟರಿನಲ್ಲಿ ಉಣ್ಣುವ ಹಬ್ ಪ್ರತಿ ಬಾಯಿಗೂ ಪೂರ್ತಿ 500 ಕೊಡುತ್ತದೆ, ಯಾರ ಎಲೆಯೂ ಖಾಲಿ ಇರುವುದಿಲ್ಲ. ಆದರೆ ಅಡಾಪ್ಟರ್ ಇರುವುದಕ್ಕೆ ನಾಲ್ಕು ಕಾಸು ಹೆಚ್ಚು. ಪೇಟೆಯಲ್ಲಿ ನಿಂತು “ಇದೂ ಏಳು, ಅದೂ ಏಳು, ಅದಕ್ಯಾಕ ಅಷ್ಟು?” ಎಂದು ಚೌಕಾಶಿ ಮಾಡಿ ಅಗ್ಗದ್ದನ್ನು ತರುತ್ತೇವೆ. ಅಡಾಪ್ಟರ್ ಇರುವುದನ್ನೇ ತಂದವರು, ಪ್ಲಗ್ಗಿಗೆ ಜಾಗವಿಲ್ಲ ಎಂದು ಆ ಅಡಾಪ್ಟರನ್ನು ಡ್ರಾಯರಿನಲ್ಲಿ ಇಟ್ಟುಬಿಡುತ್ತಾರೆ. ಅಲ್ಲಿ ಅದು ಹೊಸದರ ಹಾಗೇ ಇರುತ್ತದೆ.

ಈಗ ಆನ್‌ಲೈನ್ ಅಂಗಡಿ ಇಟ್ಟಿರುವ ಡಿಚೋಲಿಯ, ಮಾಪುಸೆಯ, ವಾಸ್ಕೋದ ತಮ್ಮಂದಿರಲ್ಲಿ ಒಂದು ಬಿನ್ನಹ. ಡ್ರಾಯರಿನ ಅಡಾಪ್ಟರ್ ಹೊರತೆಗೆಯಿರಿ. ಡೆಸ್ಕ್‌ಟಾಪನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಹಿಂದಿನ ನಾಲ್ಕು ಬಾಯಿಗಳ ಕೆಂಪು ಧೂಳು ಒರೆಸಿ, ಥಂಬ್ ಮಷಿನ್ನನ್ನು ನೇರ ಅಲ್ಲಿಗೆ ಸಿಕ್ಕಿಸಿ. ಹಬ್‌ಗೆ ಮೌಸು, ಕೀಬೋರ್ಡು, ಪ್ರಿಂಟರು ಸಾಕು. ಪ್ರಿಂಟರಿಗೆ ಹೇಗೂ ಸ್ವಂತ ಕರೆಂಟಿದೆ. ಮತ್ತೆ ನಿಮ್ಮ ಮೊಬೈಲನ್ನು, ದಯವಿಟ್ಟು, ಗೋಡೆಯ ಪ್ಲಗ್ಗಿನಲ್ಲಿ ಚಾರ್ಜಿಗೆ ಹಾಕಿ.